ಹಳೆಯ ಕಂಪ್ಯೂಟರಿನಲ್ಲಿ ಸಿಸ್ಟಮ್ ಟೂಲ್ಸ್ ಖಾಲಿಯಾಗಿದೆ, ನೀವು ಏನು ಮಾಡಿದಿರಿ?

ಕೇಳಿದವರು, ಮಂಡ್ಯ:
ಅಪ್ಪನ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆ. ಸ್ಟಾರ್ಟ್ ಮೆನುವಿನ ಆಕ್ಸೆಸರೀಸ್ ಒಳಗಿನ ಸಿಸ್ಟಮ್ ಟೂಲ್ಸ್ ತೆರೆದರೆ ‘ಎಂಪ್ಟಿ’ ಎಂದು ಬರುತ್ತದೆ. ಬೇಡದ ಫೈಲು ಅಳಿಸುವ ಡಿಸ್ಕ್ ಕ್ಲೀನಪ್ ಇಲ್ಲ, ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಮ್ ರಿಸ್ಟೋರ್ ಇಲ್ಲ. ರಿಪೇರಿ ಅಂಗಡಿಯವರು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಾರೆ. ಆಲೆಮನೆಯ ಹತ್ತು ವರ್ಷದ ಲೆಕ್ಕ, ಅಪ್ಪ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳು ಎಲ್ಲವೂ ಅದರಲ್ಲಿವೆ. ಹೀಗಾದವರು ದಯವಿಟ್ಟು ತಿಳಿಸಿ.

ಸರಸ್ವತಿಪುರಂ, ಮೈಸೂರು:
ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಮನೆಯ ನಾಮಫಲಕ ಬಿದ್ದುಹೋದರೆ ಒಳಗಿನವರು ಊರು ಬಿಟ್ಟರೆಂದು ಅರ್ಥವಲ್ಲ. ಮೆನುವಿನಲ್ಲಿ ಇದ್ದದ್ದು ಪ್ರೋಗ್ರಾಮನ್ನು ತೆರೆಯುವ ಕೊಂಡಿ, ಅಂದರೆ ಬರೀ ಶಾರ್ಟ್‌ಕಟ್. ಪ್ರೋಗ್ರಾಮುಗಳು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ, ಸಿಸ್ಟಮ್32ರಲ್ಲಿ ಇರುತ್ತವೆ. ಪರೀಕ್ಷಿಸಲು ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ಬರುವ ಪೆಟ್ಟಿಗೆಯಲ್ಲಿ ‘ಕ್ಲೀನ್’ ಎಂಬ ಪದಕ್ಕೆ ಎಂ, ಜಿ, ಆರ್ ಸೇರಿಸಿ ಟೈಪ್ ಮಾಡಿ. ಡಿಸ್ಕ್ ಕ್ಲೀನಪ್ ತೆರೆದುಕೊಳ್ಳಬೇಕು. ಆರ್, ಎಸ್, ಟಿ, ಆರ್, ಯು, ಐ ಎಂದು ಒಟ್ಟಿಗೆ ಬರೆದರೆ ಸಿಸ್ಟಮ್ ರಿಸ್ಟೋರ್.

ನಮ್ಮ ಮನೆಯಲ್ಲಿ ಹೀಗಾದಾಗ ವಿಂಡೋಸ್ 7 ಇರುವ ಗೆಳೆಯರ ಕಂಪ್ಯೂಟರಿನಿಂದ ಶಾರ್ಟ್‌ಕಟ್‌ಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ ತಂದೆ. ಎರಡೂ ಕಂಪ್ಯೂಟರಿನಲ್ಲಿ ಜಾಗ ಇದೇ: ಸಿ ಡ್ರೈವ್, ಪ್ರೋಗ್ರಾಮ್‌ಡೇಟಾ, ಮೈಕ್ರೋಸಾಫ್ಟ್, ವಿಂಡೋಸ್, ಸ್ಟಾರ್ಟ್ ಮೆನು, ಪ್ರೋಗ್ರಾಮ್ಸ್, ಆಕ್ಸೆಸರೀಸ್, ಸಿಸ್ಟಮ್ ಟೂಲ್ಸ್. ಪ್ರೋಗ್ರಾಮ್‌ಡೇಟಾ ಮರೆಯಾಗಿರುವ ಫೋಲ್ಡರ್. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲುಗಳನ್ನು ತೋರಿಸುವಂತೆ ಗುರುತು ಹಾಕದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ನಾನು ಅದನ್ನು ಹುಡುಕಿ ಒಂದು ಸಂಜೆ ಕಳೆದಿದ್ದೇನೆ.

ಶ್ರೀರಂಗಪಟ್ಟಣ:
ಮೇಲಿನವರ ಮಾತು ಸರಿ. ಆದರೆ ಅದಕ್ಕೂ ಮೊದಲು, ತಾತ್ಕಾಲಿಕ ಫೈಲುಗಳಿರುವ ಟೆಂಪ್ ಫೋಲ್ಡರನ್ನು ಯಾವ ಕಾರಣಕ್ಕೂ ಖಾಲಿ ಮಾಡಬೇಡಿ! ಡಿಸ್ಕ್ ಕ್ಲೀನಪ್ ತೆರೆದುಕೊಂಡರೂ ಸದ್ಯಕ್ಕೆ ಅದನ್ನು ಓಡಿಸದೆ ಮುಚ್ಚಿಬಿಡಿ, ಅದೂ ಟೆಂಪ್‌ನಲ್ಲಿರುವುದನ್ನು ಅಳಿಸಬಹುದು. 2011ರಲ್ಲಿ ‘ವಿಂಡೋಸ್ ರಿಕವರಿ’ ಎಂಬ ನಕಲಿ ಪ್ರೋಗ್ರಾಮು ನಮ್ಮ ಕಂಪ್ಯೂಟರಿಗೆ ಹೊಕ್ಕಿತ್ತು. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಹೆದರಿಸಿ ಹಣ ಕೇಳುತ್ತಿತ್ತು. ಅದು ನಮ್ಮ ಫೈಲುಗಳನ್ನೆಲ್ಲ ಮರೆಮಾಡಿ, ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ಟೆಂಪ್ ಒಳಗೆ ಎಸ್, ಎಂ, ಟಿ, ಎಂ, ಪಿ ಎಂಬ ಅಕ್ಷರಗಳ ಫೋಲ್ಡರಿಗೆ ಸಾಗಿಸಿತ್ತು. ಇದು ತಿಳಿಯದೆ ನಾನು ವೈರಸ್ ಹೋಗಲಿ ಎಂದು ಟೆಂಪ್ ಅನ್ನೇ ಅಳಿಸಿದೆ, ಶಾರ್ಟ್‌ಕಟ್‌ಗಳೂ ಜೊತೆಗೇ ಹೋದವು. ಮಗಳ ಪರೀಕ್ಷೆಯ ಟಿಪ್ಪಣಿಗಳು ಮರೆಯಾಗಿದ್ದವಷ್ಟೆ, ಅಳಿದಿರಲಿಲ್ಲ ಎಂದು ತಿಳಿಯುವವರೆಗೆ ಎರಡು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಿಮ್ಮಲ್ಲಿ ಆ ಫೋಲ್ಡರ್ ಸಿಕ್ಕರೆ ಮೊದಲು ವೈರಸ್ ತೆಗೆಯಿರಿ. ಬಳಿಕ ‘ಅನ್‌ಹೈಡ್’ ಎಂಬ ಉಚಿತ ಸಾಧನ ಎಲ್ಲವನ್ನೂ ಅದರದರ ಜಾಗಕ್ಕೆ ತಂದಿಡುತ್ತದೆ.

ಕುವೆಂಪುನಗರ, ಮೈಸೂರು:
ಕಂಪ್ಯೂಟರಿನ ನಿರ್ವಹಣೆಗೆಂದಿರುವ ಅಡ್ಮಿನಿಸ್ಟ್ರೇಟಿವ್ ಟೂಲ್ಸ್ ಕೂಡ ಕಾಣದಿದ್ದರೆ ಗಾಬರಿ ಬೇಡ. ಸ್ಟಾರ್ಟ್ ಮೆನುವಿನ ಕಸ್ಟಮೈಸ್ ಪಟ್ಟಿಯ ಕೊನೆಯ ಭಾಗದಲ್ಲಿ ಅದಕ್ಕೆ ಆಯ್ಕೆ ಇದೆ. ಮತ್ತೊಂದು ಮಾತು: ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಸುರಕ್ಷತಾ ಅಪ್‌ಡೇಟ್ ನಿಂತದ್ದು 2020ರ ಜನವರಿ 14ರಂದು. ಆ ಲೆಕ್ಕ, ಪತ್ರಗಳ ಪ್ರತಿಯನ್ನು ಇವತ್ತೇ ಬೇರೆ ಕಡೆ ತೆಗೆದಿಡಿ.

ಕೇಳಿದವರು, ಮಂಡ್ಯ:
ಎಲ್ಲರಿಗೂ ಕೃತಜ್ಞತೆ. ಟೆಂಪ್‌ನಲ್ಲಿ ಆ ಫೋಲ್ಡರ್ ಇಲ್ಲ, ಫೈಲುಗಳೆಲ್ಲ ಕಾಣುತ್ತಿವೆ. ಹೇಳಿದ ಹಾಗೆ ಟೈಪ್ ಮಾಡಿದೆ, ಡಿಸ್ಕ್ ಕ್ಲೀನಪ್ ತೆರೆಯಿತು. ಏನನ್ನೂ ಅಳಿಸದೆ ಮುಚ್ಚಿದೆ. ಪತ್ರಗಳು ಪೆನ್‌ಡ್ರೈವಿಗೆ ಹೋಗಿವೆ. ಪಾಂಡವಪುರದಲ್ಲಿ ಚಿಕ್ಕಪ್ಪನ ಮನೆಯಲ್ಲೂ ವಿಂಡೋಸ್ 7 ಇದೆ. ಭಾನುವಾರ ಅಪ್ಪನನ್ನೂ ಕರೆದುಕೊಂಡು ಹೋಗಿ ಶಾರ್ಟ್‌ಕಟ್‌ಗಳನ್ನು ತರುತ್ತೇನೆ.