ಟಾಕ್ಸಾಯ್ಡ್: ಫಾರ್ಮಲಿನ್ ಹಾಕಿದ ಮೇಲೆ ವಾರಗಟ್ಟಲೆ ಕಾಯುವುದು ಯಾಕೆ?

ಕೊನೆಬೆಂಚು:
ಧನುರ್ವಾಯು, ಡಿಫ್ತೀರಿಯಾ ಲಸಿಕೆಗಳಲ್ಲಿ ಇರುವುದು ಫಾರ್ಮಲಿನ್‌ನಿಂದ (ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್) ನಿರ್ವಿಷಗೊಳಿಸಿದ ಟಾಕ್ಸಿನ್, ಅಂದರೆ ಟಾಕ್ಸಾಯ್ಡ್ ಅಂತ ಪಠ್ಯದಲ್ಲಿ ಒಂದೇ ಸಾಲಿದೆ. ಫಾರ್ಮಾಲ್ಡಿಹೈಡ್ ಪ್ರೋಟೀನನ್ನು ಬೇಗನೇ ಹಿಡಿಯುತ್ತದೆ, ಹಾಗಾದರೆ 37 ಡಿಗ್ರಿಯಲ್ಲಿ ಸುಮಾರು ನಾಲ್ಕು ವಾರ ಇಡುವುದೇಕೆ? ಕುದಿಸಿದರೂ ಈ ಟಾಕ್ಸಿನ್‌ಗಳು ಕೆಡುತ್ತವಲ್ಲ, ಅದೇ ಸಾಲದೇ? ಒಮ್ಮೆ ನಿರ್ವಿಷವಾದದ್ದು ಮತ್ತೆ ವಿಷವಾಗಬಹುದು ಅಂತಲೂ ಓದಿದೆ. ನಿಜವೇ?

ಪೆಪ್ಟೈಡ್:
ಕುದಿಸುವ ಪ್ರಶ್ನೆ ಸಣ್ಣದು, ಮೊದಲು ಮುಗಿಸೋಣ. ಕಾಯಿಸಿದರೆ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ. ವಿಷ ಹೋಯಿತು ನಿಜ, ಪ್ರತಿಕಾಯಗಳು ಗುರುತು ಹಿಡಿಯಬೇಕಿದ್ದ ಆಕಾರವೂ ಅದರ ಜೊತೆಗೇ ಹೋಯಿತು. ಫಾರ್ಮಾಲ್ಡಿಹೈಡ್ ಹಾಗಲ್ಲ, ಮಡಿಕೆಯನ್ನು ಇದ್ದಲ್ಲೇ ಹೊಲಿಗೆ ಹಾಕಿ ಕೂರಿಸುತ್ತದೆ.

ಆ ಹೊಲಿಗೆ ಎರಡು ಹಂತದ್ದು. ಫಾರ್ಮಾಲ್ಡಿಹೈಡ್ ಮೊದಲು ಪ್ರೋಟೀನಿನಲ್ಲಿರುವ ಲೈಸೀನ್ ಎಂಬ ಅಮೈನೊ ಆಮ್ಲದ ಅಮೈನೊ ಗುಂಪಿಗೆ ಅಂಟುತ್ತದೆ, ಬಳಿಕ ಒಂದು ನೀರಿನ ಅಣು ಕಳೆದು ಇಮಿನ್ ಎಂಬ ರೂಪ ತಾಳುತ್ತದೆ. ಇದು ಬೇಗ ಆಗುವ ಕೆಲಸ, ಆದರೆ ಅಷ್ಟೇ ಸುಲಭವಾಗಿ ಹಿಂದಕ್ಕೂ ತಿರುಗುತ್ತದೆ. ಆ ಇಮಿನ್ ಪಕ್ಕದಲ್ಲಿರುವ ಟೈರೋಸಿನ್, ಆರ್ಜಿನೀನ್ ಅಥವಾ ಹಿಸ್ಟಿಡಿನ್‌ನಂಥ ಇನ್ನೊಂದು ಅಮೈನೊ ಆಮ್ಲದ ಜೊತೆ ಮೀಥೈಲೀನ್ ಸೇತುವೆ ಕಟ್ಟಿದಾಗ ಮಾತ್ರ ಬಂಧ ಗಟ್ಟಿಯಾಗುತ್ತದೆ. ವಾರಗಳು ಹಿಡಿಯುವುದು ಇದಕ್ಕೆ. ಸೇತುವೆ ಬೀಳುವ ಮೊದಲೇ ದ್ರಾವಣವನ್ನು ತೆಳುಮಾಡಿ ಫಾರ್ಮಾಲ್ಡಿಹೈಡ್ ತೆಗೆದರೆ ಬಂಧ ಕಳಚುತ್ತದೆ, ವಿಷ ಮರಳುತ್ತದೆ. ನಿಮ್ಮ ಮೂರನೇ ಪ್ರಶ್ನೆಗೂ ಉತ್ತರ ಅದೇ.

ಬ್ಯಾಚ್ ಟಿಪ್ಪಣಿ:
ಮೇಲಿನದು ಸರಿ. ಆದರೆ ಕೆಲಸ ಕೆಡುವುದು ಹೆಚ್ಚಾಗಿ ಬೇರೆ ಕಡೆ.

ಲೀಟರಿಗೆ 5 ಮಿಲೀ ಫಾರ್ಮಲಿನ್ ಅಂದರೆ ಸುಮಾರು 2 ಗ್ರಾಂ ಫಾರ್ಮಾಲ್ಡಿಹೈಡ್, ಅಂದಾಜು 65 ಮಿಲಿಮೋಲಾರ್. ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) 50 ಮಿಲಿಮೋಲಾರ್ ಟ್ರಿಸ್ ಎಂಬ ಅಮೈನ್ ಇದ್ದರೆ ಬಹುಪಾಲನ್ನು ಅದೇ ನುಂಗುತ್ತದೆ, ಟಾಕ್ಸಿನ್‌ಗೆ ಉಳಿಯುವುದು ಚೂರು. ಗ್ಲೈಸೀನ್, ಶುದ್ಧೀಕರಣದಿಂದ ಉಳಿದ ಅಮೋನಿಯಂ ಸಲ್ಫೇಟ್ ಕೂಡ ಇದೇ ಕಳ್ಳರ ಗುಂಪು. ಫಾಸ್ಫೇಟ್ ಬಫರ್‌ಗೆ ಡಯಾಲಿಸಿಸ್ ಮಾಡಿಕೊಳ್ಳುವುದು ಅದಕ್ಕೇ. ಫಾರ್ಮಲಿನ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದು ಪ್ಯಾರಾಫಾರ್ಮಾಲ್ಡಿಹೈಡ್. ಆಗ ಲೇಬಲ್‌ನ ಶೇ. 37ನ್ನು ನಂಬಬೇಡಿ. ಹಳೆಯದರಲ್ಲಿ ಫಾರ್ಮಿಕ್ ಆಮ್ಲ ಸೇರಿ ಪಿಎಚ್ ಕೂಡ ಇಳಿಯುತ್ತದೆ.

ಶುದ್ಧ ಟಾಕ್ಸಿನ್‌ಗೆ ಇನ್ನೊಂದು ತೊಡಕಿದೆ. ಕಲ್ಚರ್‌ನ ಸೋಸಿದ ದ್ರವದಲ್ಲೇ ನಿರ್ವಿಷಗೊಳಿಸಿದರೆ ಪೆಪ್ಟೋನ್‌ನ (ಬ್ಯಾಕ್ಟೀರಿಯಾಗೆ ಆಹಾರವಾಗಿ ಹಾಕಿದ, ಒಡೆದ ಪ್ರೋಟೀನ್) ತುಣುಕುಗಳು ಸೇತುವೆಗೆ ಒದಗುತ್ತವೆ. ಸರಕು ಸ್ಥಿರವಾಗುತ್ತದೆ, ಕಲ್ಮಶವೂ ಅದಕ್ಕೆ ಕಾಯಂ ಅಂಟಿಕೊಳ್ಳುತ್ತದೆ. ಮೊದಲೇ ಶುದ್ಧ ಮಾಡಿದರೆ ಆ ತುಣುಕುಗಳಿರುವುದಿಲ್ಲ, ಡಿಫ್ತೀರಿಯಾದಲ್ಲಿ ವಿಷ ಮರಳುವ ಅಪಾಯ ಹೆಚ್ಚುತ್ತದೆ. ಅಲ್ಲಿ ಅಳತೆ ನೋಡಿ ಲೈಸೀನ್ ಸೇರಿಸುವುದು ವಾಡಿಕೆ. ಟ್ರಿಸ್ ಕಳ್ಳ, ಲೈಸೀನ್ ನೆಂಟ: ಅಮೈನ್ ಬೇಡವೆಂದಲ್ಲ, ಎಷ್ಟು ಎಂಬುದು ನಮ್ಮ ಕೈಯಲ್ಲಿರಬೇಕು. ಹಾಗಂತ ಫಾರ್ಮಲಿನ್ ಸುರಿದುಬಿಟ್ಟರೆ ಅಣುಗಳು ಒಂದಕ್ಕೊಂದು ಅಂಟಿ ದ್ರಾವಣ ಮಬ್ಬಾಗುತ್ತದೆ, ಎಲ್‌ಎಫ್ ಮೌಲ್ಯ (ಪ್ರತಿವಿಷದ ಜೊತೆ ಸೇರಿ ಗಸಿಕಟ್ಟುವುದನ್ನು ನೋಡಿ ಅಳೆಯುವ ಟಾಕ್ಸಾಯ್ಡ್ ಪ್ರಮಾಣ) ಕುಸಿಯುತ್ತದೆ.

ಪಾತ್ರೆಯ ಕತ್ತಿನಲ್ಲಿ, ಮುಚ್ಚಳದ ಅಡಿ ಸಿಡಿದು ಕೂತ ಹನಿಗೆ ಫಾರ್ಮಲಿನ್ ತಾಗಿರುವುದಿಲ್ಲ. ಧನುರ್ವಾಯು ಟಾಕ್ಸಿನ್ ಮನುಷ್ಯನನ್ನು ಕೊಲ್ಲಲು ದೇಹತೂಕದ ಕಿಲೋಗೆ ಸುಮಾರು 2.5 ನ್ಯಾನೋಗ್ರಾಂ ಸಾಕು. ಆದ್ದರಿಂದ ಚೆನ್ನಾಗಿ ಕಲಕಿ ಎರಡನೇ ಪಾತ್ರೆಗೆ ವರ್ಗಾಯಿಸಿ, ಉಳಿದ ಅವಧಿ ಅಲ್ಲಿ ಇಡುತ್ತಾರೆ.

ಕೊನೆಬೆಂಚು:
ಧನ್ಯವಾದ. ವಿಷ ಪೂರ್ತಿ ಹೋಗಿದೆ ಅಂತ ಹೇಗೆ ಖಾತ್ರಿ? ಲಸಿಕೆಯಲ್ಲಿ ಉಳಿಯುವ ಫಾರ್ಮಾಲ್ಡಿಹೈಡ್ ಕಥೆ ಏನು? ನಾಯಿಕೆಮ್ಮಿಗೂ ಇದೇ ವಿಧಾನವೇ?

ಬ್ಯಾಚ್ ಟಿಪ್ಪಣಿ:
ಸಾಂಪ್ರದಾಯಿಕ ಪರೀಕ್ಷೆ ಗಿನಿಯಿಲಿಗಳಲ್ಲಿ: ಹಲವು ಡೋಸ್‌ಗಳಷ್ಟು ಚುಚ್ಚಿ ವಾರಗಟ್ಟಲೆ ಗಮನಿಸುವುದು. ಮರಳುವಿಕೆ ನೋಡಲು ತೆಳುಮಾಡಿದ ಟಾಕ್ಸಾಯ್ಡನ್ನು 37 ಡಿಗ್ರಿಯಲ್ಲಿ ಆರು ವಾರ ಇಟ್ಟು ಮತ್ತೆ ಪರೀಕ್ಷಿಸುತ್ತಾರೆ. ಮಾದರಿ ಪ್ರತಿ ಪಾತ್ರೆಯಿಂದಲೂ ಬರಲೇಬೇಕು. 1948ರಲ್ಲಿ ಕ್ಯೋಟೋದಲ್ಲಿ ಸರಿಯಾಗಿ ನಿರ್ವಿಷಗೊಳ್ಳದ ಡಿಫ್ತೀರಿಯಾ ಟಾಕ್ಸಾಯ್ಡ್ 60ಕ್ಕೂ ಹೆಚ್ಚು ಮಕ್ಕಳ ಜೀವ ತೆಗೆಯಿತು.

ಉಳಿಕೆ ಫಾರ್ಮಾಲ್ಡಿಹೈಡ್‌ಗೆ ಮಿತಿ ಲೀಟರಿಗೆ 0.2 ಗ್ರಾಂ, ಅಂದರೆ ಅರ್ಧ ಮಿಲೀ ಡೋಸ್‌ನಲ್ಲಿ ಹೆಚ್ಚೆಂದರೆ 0.1 ಮಿಲಿಗ್ರಾಂ. ನಮ್ಮ ರಕ್ತದಲ್ಲೇ ಲೀಟರಿಗೆ 2–3 ಮಿಲಿಗ್ರಾಂ ಸಹಜವಾಗಿ ಇರುತ್ತದೆ. ಈ ಭಯಕ್ಕೆ ಹುರುಳಿಲ್ಲ.

ಪೆಪ್ಟೈಡ್:
ನಾಯಿಕೆಮ್ಮಿನ ಟಾಕ್ಸಿನ್ ಹಠಮಾರಿ. ವಿಷದ ಕೆಲಸ ಮಾಡುವ ಎಸ್1 ತುಂಡಿನಲ್ಲಿ ಲೈಸೀನ್ ಒಂದೂ ಇಲ್ಲ, ಫಾರ್ಮಾಲ್ಡಿಹೈಡ್‌ಗೆ ಹಿಡಿ ಸಿಗುವುದಿಲ್ಲ. ಕೆಲವರು ಗ್ಲುಟರಾಲ್ಡಿಹೈಡ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ಜೀನ್ ಬದಲಿಸಿ, ಎಸ್1ರ 9 ಮತ್ತು 129ನೇ ಅಮೈನೊ ಆಮ್ಲಗಳನ್ನು ಮಾರ್ಪಡಿಸಿ ಹುಟ್ಟಿನಿಂದಲೇ ನಿರ್ವಿಷವಾದ ಟಾಕ್ಸಿನ್ ತಯಾರಿಸುವುದು ನನಗೆ ಹೆಚ್ಚು ಅಚ್ಚುಕಟ್ಟಾದ ದಾರಿ ಅನ್ನಿಸುತ್ತದೆ. ಡಿಫ್ತೀರಿಯಾದ ಸಿಆರ್‌ಎಂ197 ಅದೇ ಜಾತಿ: 52ನೇ ಸ್ಥಾನದ ಗ್ಲೈಸೀನ್ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ.

ಎಂಡೋಟಾಕ್ಸಿನ್‌ಗೆ (ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ವಿಷ) ಇದ್ಯಾವುದನ್ನೂ ಪ್ರಯತ್ನಿಸಬೇಡಿ. ಅದು ಪ್ರೋಟೀನೇ ಅಲ್ಲ, ಲಿಪೊಪಾಲಿಸ್ಯಾಕರೈಡ್, ಮಾಮೂಲಿ ಆಟೋಕ್ಲೇವ್‌ಗೂ ಬಗ್ಗುವುದಿಲ್ಲ. ಗಾಜಿನ ಪಾತ್ರೆಯಾದರೆ 250 ಡಿಗ್ರಿ ಒಣಶಾಖ 30 ನಿಮಿಷ. ಶುದ್ಧೀಕರಣದ ಕಾಲಂಗಳಿಗೆ ಅವು ತಡೆಯುವಷ್ಟು ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್.