ಗಾಲ್ಫ್ ಮೈದಾನ ವಿನ್ಯಾಸ ಕಲಿಯುತ್ತೇನೆ ಎನ್ನುವ ಮಗಳು: ಬಲ್ಲವರು ದಾರಿ ಹೇಳಿ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ:
ಮಗಳು ಬಿ.ಆರ್ಕ್. ನಾಲ್ಕನೇ ವರ್ಷದಲ್ಲಿದ್ದಾಳೆ. ಮನೆಗಳ ನಕ್ಷೆ ಬರೆಯುವುದು ಬೇಡ, ಗಾಲ್ಫ್ ಮೈದಾನ ವಿನ್ಯಾಸ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮ್ಮ ವಂಶದಲ್ಲಿ ಗಾಲ್ಫ್ ಕೋಲು ಮುಟ್ಟಿದವರಿಲ್ಲ. ಇದರಲ್ಲಿ ಅನ್ನ ಹುಟ್ಟುತ್ತದೆಯೇ? ಮುಂದೆ ಏನು ಓದಬೇಕು? ಅನುಭವ ಇದ್ದವರು ತಿಳಿಸಿ.

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಶಿವಮೊಗ್ಗ:
ಅಣ್ಣಾ, ನಾನು ಸಾಗರದ ಕಡೆಯವಳು. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೇನೆ. ಮರ, ಕೊಳ, ಹಸಿರು ಹಾಸು ಬಿಡಿಸುವ ಕನಸಿನಲ್ಲಿ ಸೇರಿದೆ. ಕೈಗೆ ಬಂದದ್ದು ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳ ಹಾಳೆ. ಎಲ್ಲಿ ಮಣ್ಣು ಕಡಿಯಬೇಕು, ಎಲ್ಲಿ ತುಂಬಬೇಕು, ಮಳೆನೀರು ಯಾವ ಕಡೆ ಇಳಿಯಬೇಕು. ಆರು ತಿಂಗಳು ಇಷ್ಟೇ. ಅಪ್ಪ ಮಳೆಗಾಲಕ್ಕೆ ಮುಂಚೆ ತೋಟದ ಬಸಿಗಾಲುವೆಯ ವಾಟ ನೋಡುತ್ತಿದ್ದದ್ದು ನೆನಪಾಗಿ ಒಬ್ಬಳೇ ನಕ್ಕಿದ್ದೆ.

ಚೆಂಡನ್ನು ಕುಳಿಗೆ ಉರುಳಿಸುವ ‘ಗ್ರೀನ್’ ಹೊರಗಿನವರಿಗೆ ಹುಲ್ಲಿನ ತುಂಡು. ಅದರಡಿಯಲ್ಲಿ ಸುಮಾರು 30 ಸೆಂ.ಮೀ. ಮರಳಿನ ಮಿಶ್ರಣ, ಅದರ ಕೆಳಗೆ 10 ಸೆಂ.ಮೀ. ಜಲ್ಲಿ, ಇನ್ನೂ ಕೆಳಗೆ ನೀರು ಬಸಿಯುವ ಕೊಳವೆಗಳು ಇರುತ್ತವೆ. ಅಲ್ಲಿ ಲೆಕ್ಕ ತಪ್ಪಿದರೆ ಮೇಲಿನ ಅಂದಕ್ಕೆ ಬೆಲೆಯಿಲ್ಲ. ಅದಕ್ಕೂ ಮೊದಲು ಜಾಗವನ್ನು ಕಾಲಿನಿಂದ ಅಳೆಯಬೇಕು. 18 ಹೋಲ್‌ಗಳ (ಚೆಂಡು ಹೊಡೆಯಲು ಶುರುಮಾಡುವ ಜಾಗದಿಂದ ಕುಳಿಯವರೆಗಿನ ಒಂದು ಹಾದಿಗೆ ಒಂದು ಹೋಲ್ ಎನ್ನುತ್ತಾರೆ) ಮೈದಾನಕ್ಕೆ ಸಾಮಾನ್ಯವಾಗಿ 150 ಎಕರೆಯ ಆಸುಪಾಸು ನೆಲ ಬೇಕು, ಗುಡ್ಡವಿದ್ದರೆ ಇನ್ನೂ ಹೆಚ್ಚು. ಬೆಳಿಗ್ಗೆ ಆಡುವವರ ಕಣ್ಣಿಗೆ ಸೂರ್ಯ ಹೊಡೆಯದಂತೆ ಮೊದಲ ಹೋಲ್‌ಗಳನ್ನು ಪೂರ್ವಕ್ಕೆ ಮುಖ ಮಾಡಿಸುವುದಿಲ್ಲ, ಕೊನೆಯವನ್ನು ಪಶ್ಚಿಮಕ್ಕೆ ತಿರುಗಿಸುವುದಿಲ್ಲ.

ಓದಿನ ವಿಷಯ: ಲ್ಯಾಂಡ್‌ಸ್ಕೇಪ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಲಿ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ, ಎರಡರಲ್ಲೂ ಇದೆ. ಗಾಲ್ಫ್‌ನ ಸೂಕ್ಷ್ಮವನ್ನು ಮಾತ್ರ ಹಿರಿಯರ ಕೈಕೆಳಗೆ ದುಡಿದೇ ಕಲಿಯಬೇಕು.

ಅನ್ನದ ಮಾತು ಕೇಳಿದಿರಿ. ನಮ್ಮ ಒಂದು ಯೋಜನೆ ಅರ್ಧಕ್ಕೆ ನಿಂತಾಗ ಮೂರು ತಿಂಗಳ ಸಂಬಳ ಬರಲೇ ಇಲ್ಲ. ಹೊಸ ಮೈದಾನಗಳು ಅಪರೂಪ. ಇರುವುದನ್ನು ತಿದ್ದುವ ಕೆಲಸವೇ ಜಾಸ್ತಿ. ನಾನೀಗ ಉದ್ಯಾನ, ಕಾಲೇಜು ಆವರಣ, ಹೋಂಸ್ಟೇ ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ. ಅವಳೂ ಇನ್ನೊಂದು ಕಾಲನ್ನು ಗಟ್ಟಿ ನೆಲದಲ್ಲಿ ಊರಿಯೇ ಇರಲಿ.

ಮೈದಾನದ ಹುಲ್ಲು ನೋಡಿಕೊಳ್ಳುವವ, ಚಿಕ್ಕಮಗಳೂರು:
ನಾನು ಓದಿದ್ದು ತೋಟಗಾರಿಕೆ. ಬರ್ಮುಡಾ ಎಂದು ಇವರು ಕರೆಯುವುದು ನಾವು ಗಣಪತಿಗೆ ಏರಿಸುವ ಗರಿಕೆಯ ಬಳಗವನ್ನೇ. ಗ್ರೀನ್ ಮೇಲೆ ಅದನ್ನು 3ರಿಂದ 5 ಮಿ.ಮೀ. ಎತ್ತರಕ್ಕೆ ಕತ್ತರಿಸಿ ಇಡಬೇಕು. ಗರಿಕೆಗೆ ನೆರಳು ಆಗದು. ಹಿಂದೆ ನಾನಿದ್ದ ಒಂದು ಕಡೆ ವಿನ್ಯಾಸಕಾರರು ಚೆಂದಕ್ಕೆಂದು ದೊಡ್ಡ ಮರಗಳ ಪಶ್ಚಿಮಕ್ಕೆ ಗ್ರೀನ್ ಇಟ್ಟರು. ಬೆಳಗಿನ ಬಿಸಿಲು ಇಲ್ಲದೆ ಹುಲ್ಲು ಸೊರಗಿತು, ಬೈಗುಳ ತಿಂದವನು ನಾನು. ನಿಮ್ಮ ಮಗಳು ಒಂದು ಮಳೆಗಾಲ ಪೂರ್ತಿ ಇಂಥ ಕಡೆ ಗಮ್ ಬೂಟು ಹಾಕಿಕೊಂಡು ತಿರುಗಲಿ. ಬುಲ್ಡೋಜರ್ ಹತ್ತಿ ದಿಬ್ಬಗಳಿಗೆ ಆಕಾರ ಕೊಡುವ ‘ಶೇಪರ್’ ಜೊತೆ ಮಾತಾಡಲಿ. ಕಾಗದದ ಗೆರೆ ನೆಲಕ್ಕೆ ಇಳಿಯುವುದು ಅವನ ಕೈಯಿಂದ.

ಪದವಿಯೊಂದೇ ದಾರಿ ಎಂದೂ ಅಲ್ಲ. ಅಮೆರಿಕದ ಹೆಸರಾಂತ ಅಗಸ್ಟಾ ಮೈದಾನವನ್ನು ಆಟಗಾರ ಬಾಬಿ ಜೋನ್ಸ್ ಜೊತೆಗೂಡಿ ರೂಪಿಸಿದ ಅಲಿಸ್ಟರ್ ಮೆಕೆಂಜಿ ವೈದ್ಯರಾಗಿದ್ದವರು. ಇನ್ನೊಬ್ಬ ಹೆಸರಾಂತ ವಿನ್ಯಾಸಕಾರ ಪೀಟ್ ಡೈ ಮೊದಲು ವಿಮೆ ಮಾರುತ್ತಿದ್ದವರು. ದೆಹಲಿ ಗಾಲ್ಫ್ ಕ್ಲಬ್ಬನ್ನು 1970ರ ದಶಕದಲ್ಲಿ ಮರುವಿನ್ಯಾಸ ಮಾಡಿದ ಪೀಟರ್ ಥಾಮ್ಸನ್ ಐದು ಸಲ ಬ್ರಿಟಿಷ್ ಓಪನ್ ಗೆದ್ದ ಆಟಗಾರ.

ನಿವೃತ್ತ ಅಧ್ಯಾಪಕ, ಕೊಪ್ಪ:
ಬೇಸಿಗೆಯಲ್ಲಿ ಹಳ್ಳ ಒಣಗುವ ಕಾಲದಲ್ಲಿ ನೂರಾರು ಎಕರೆ ಹುಲ್ಲಿಗೆ ನೀರು ಹೊಡೆಯುವ ಉದ್ಯೋಗ ನನಗಂತೂ ಒಪ್ಪಿಗೆಯಿಲ್ಲ. ಬೆಟ್ಟ ಕಡಿಯಲು ನಮ್ಮ ಮಕ್ಕಳೇ ನಕ್ಷೆ ಬರೆಯಬೇಕೆ?

ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಶಿವಮೊಗ್ಗ:
ಮೇಷ್ಟ್ರೇ, ನಿಮ್ಮ ಕೋಪದಲ್ಲಿ ಹುರುಳಿದೆ. ಸಂಸ್ಕರಿಸಿದ ಕೊಳಚೆ ನೀರಿನಲ್ಲಿ ನಡೆಯುವ ಮೈದಾನಗಳಿವೆ, ನೀರು ಬೇಕಾದ ಹುಲ್ಲಿನ ವಿಸ್ತಾರವನ್ನೇ ಕಡಿಮೆ ಮಾಡುವ ವಿನ್ಯಾಸಗಳೂ ಇವೆ. ಆದರೂ ಪಶ್ಚಿಮ ಘಟ್ಟದ ಕಾಡಿನಲ್ಲಿ ಮಾಡಿಕೊಡಿ ಎಂದು ಯಾರಾದರೂ ಬಂದರೆ ನಾನು ಒಪ್ಪುವುದಿಲ್ಲ. ಬೇಡ ಎನ್ನಲು ಕಲಿಯುವುದೂ ಈ ಕಸುಬಿನ ಭಾಗ.

ಹವ್ಯಾಸಿ ಆಟಗಾರ, ಭದ್ರಾವತಿ:
ಮೊದಲು ಅವಳು ಆಡಲಿ. ಚೆಂಡು ಮರಳುಗುಂಡಿಗೆ ಬಿದ್ದಾಗ ಆಗುವ ಸಂಕಟ ತಿಳಿಯದೆ ಗುಂಡಿಯ ಜಾಗ ಗುರುತಿಸಲು ಬರುವುದಿಲ್ಲ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಓದಿ ಹೇಳಿದೆ. ಮೇಷ್ಟ್ರ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಮ್ಮ ತೋಟದ ಕೆಳಗಿನ ಅಂಚಿನಲ್ಲಿ ಪ್ರತಿ ವರ್ಷ ನೀರು ನಿಂತು ಹತ್ತಾರು ಮರ ಸೊರಗುತ್ತವೆ. ಅಲ್ಲಿಯ ವಾಟ ಅಳೆದು ನಕ್ಷೆ ಮಾಡಿಕೊಡು ನೋಡೋಣ ಎಂದೆ. ನೆಲದ ಏರಿಳಿತ ಅಳೆಯುವ ಡಂಪಿ ಲೆವೆಲ್ ಉಪಕರಣ ಬೇಕಂತೆ. ಶಿವಮೊಗ್ಗದಲ್ಲಿ ಎರಡು ದಿನದ ಮಟ್ಟಿಗೆ ಬಾಡಿಗೆಗೆ ಕೊಡುವವರು ಇದ್ದಾರೆಯೇ?