ಸಸಿಹಿತ್ಲು ಕಡಲು, 16 ಸೆಕೆಂಡಿನ ಅಲೆ

ಚಿಕ್ಕಮ್ಮ (ಮನೆಯವರ ಗುಂಪಿಗೆ, ಎಲ್ಲಿಂದಲೋ ಬಂದ ಮೆಸೇಜು): "ಭಾನುವಾರ ಮೂಲ್ಕಿ ಹತ್ತಿರದ ಸಸಿಹಿತ್ಲು: ಅಲೆ 1.5 ಮೀಟರ್. 16 ಸೆಕೆಂಡಿಗೆ ಒಂದೇ ಅಲೆ! ಗಾಳಿ ಇಲ್ಲ. ಸರ್ಫಿಂಗ್ ಕಲಿಯುವ ಮಕ್ಕಳಿಗೆ ಹೇಳಿ ಮಾಡಿಸಿದ ದಿನ. ಎಲ್ಲರಿಗೂ ಕಳಿಸಿ."

ಚಿಕ್ಕಮ್ಮ: ನಾನು ಹೇಳಿರಲಿಲ್ವಾ? ಸುಮ್ನೆ ಹೆದರಿಸುತ್ತೀರಿ. ಬೆಂಗಳೂರಿನಿಂದ ಮಕ್ಕಳು ಬರಲಿ.

ಅಣ್ಣ: ಯಾರು ಬರೆದದ್ದು? ಯಾವ ಭಾನುವಾರ? ತಾರೀಕೇ ಇಲ್ಲ.

ಚಿಕ್ಕಮ್ಮ: ನಾನು ಏನು ಹಾಕಿದರೂ ನಿನಗೆ ತಾರೀಕು ಬೇಕು. ನಿನ್ನ ಮಾವನ ಮನೆಯವರು ಕಷಾಯದ ಮೆಸೇಜು ಕಳಿಸಿದಾಗ ಕೈ ಮುಗಿದಿದ್ದೆ.

ದೊಡ್ಡಪ್ಪ: ಕಡಲು ಆಟದ ಸಾಮಾನಲ್ಲ. ಹಿರಿಯರು ಸಮುದ್ರಪೂಜೆ ಮಾಡಿಯೇ ದೋಣಿ ಇಳಿಸುತ್ತಿದ್ದರು. ಈಗ ಹಲಗೆ ಮೇಲೆ ನಿಲ್ಲುವ ಹುಚ್ಚು.

ನಾನು: ಹುಚ್ಚು ಅನ್ನಬೇಡಿ ದೊಡ್ಡಪ್ಪ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದು ಸಸಿಹಿತ್ಲಿನಲ್ಲೇ. ಆದರೆ ಚಿಕ್ಕಮ್ಮ, ಈ ಮೆಸೇಜು ಪೂರ್ತಿ ಉಲ್ಟಾ. 16 ಸೆಕೆಂಡ್ ಅಂದರೆ ನಿಧಾನದ ಅಲೆ ಅಲ್ಲ.

ಬಾವ: ಸಸಿಹಿತ್ಲು ಅಂದ ಕೂಡಲೇ ನಂದಿನಿ ಹೊಳೆಯಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಿದ್ದು ನೆನಪಾಯಿತು. ಅಜ್ಜಿ ಮಾಡುತ್ತಿದ್ದ ಮರುವಾಯಿ ಪುಂಡಿ, ಅಕ್ಕಿ ಉಂಡೆಯದು! ಆ ರುಚಿ ಮತ್ತೆ ಸಿಗಲಿಲ್ಲ.

ಅಕ್ಕ: ಬುಟ್ಟಿ ಹೊತ್ತದ್ದು ನಾನು. ತಿಂದದ್ದು ನೀನು.

ನಾನು: ದಯವಿಟ್ಟು ಇದೊಂದು ಓದಿ. 8 ಸೆಕೆಂಡಿಗೊಮ್ಮೆ ಬರುವ ಅಲೆ ಹತ್ತಿರದ ಗಾಳಿಗೆ ಏಳುವಂಥದ್ದು. ಆಳ ಕಡಲಿನಲ್ಲಿ ಅದರ ಉದ್ದ, ಅಂದರೆ ಒಂದು ಅಲೆಯ ತಲೆಯಿಂದ ಮುಂದಿನದರ ತಲೆಗೆ, ಸುಮಾರು 100 ಮೀಟರ್. 16 ಸೆಕೆಂಡಿನದು ಸುಮಾರು 400 ಮೀಟರ್. ಹಿಂದೂ ಮಹಾಸಾಗರದ ದಕ್ಷಿಣದ ಬಿರುಗಾಳಿಗೆ ಎದ್ದು ದಿನಗಟ್ಟಲೆ ಓಡಿ ಬರುತ್ತದೆ. ಅಷ್ಟೂ ನೀರು ದಡದ ಮರಳುದಿಬ್ಬಕ್ಕೆ ತಾಗಿದಾಗ 1.5 ಮೀಟರ್ ಇದ್ದದ್ದು ಇನ್ನೂ ಎತ್ತರಕ್ಕೆ ಏಳುತ್ತದೆ. ಇಲ್ಲಿ ಗಾಳಿಯ ಸುಳಿವೇ ಇರುವುದಿಲ್ಲ. ಅದಕ್ಕೇ ಕೇರಳದವರು ಕಳ್ಳಕ್ಕಡಲ್, ಕಳ್ಳನ ಹಾಗೆ ಬರುವ ಕಡಲು, ಅನ್ನುತ್ತಾರೆ. ದೊಡ್ಡ ಅಲೆಗಳು ಸಾಲಾಗಿ ಬಂದು ಹೋಗುತ್ತವೆ, ಆಮೇಲೆ ಸ್ವಲ್ಪ ಹೊತ್ತು ಕಡಲು ಕೆರೆಯ ಹಾಗೆ ಇರುತ್ತದೆ. ಆಗಲೇ ಜನ ಮಕ್ಕಳನ್ನು ಇಳಿಸುವುದು. ಪಕ್ಕದಲ್ಲೇ ಹೊಳೆ ಕಡಲು ಸೇರುವ ಅಳಿವೆ ಬಾಗಿಲು ಬೇರೆ. ಇಳಿತದ ಹೊತ್ತಿಗೆ ಹೊಳೆ ನೀರೂ ಹೊರಗೇ ಎಳೆಯುತ್ತದೆ.

ಚಿಕ್ಕಮ್ಮ: ಇಷ್ಟುದ್ದ ಯಾರು ಓದುತ್ತಾರೆ? ನಾನು ಮಾಡಿದ್ದು ತಪ್ಪು, ಅಷ್ಟೇ ಅಲ್ವಾ? ಗೃಹಪ್ರವೇಶದಲ್ಲೂ ಹೀಗೇ ಆಯಿತು.

ದೊಡ್ಡಪ್ಪ: ಆ ಮಾತು ಈಗ ಯಾಕೆ?

ಚಿಕ್ಕಮ್ಮ: ಕಾಗದದಲ್ಲಿ ನಮ್ಮ ಹೆಸರು ಬಿಟ್ಟವರು ಯಾರು ಭಾವ?

ಅಣ್ಣ: ತಾರೀಕು ಇನ್ನೂ ಯಾರೂ ಹೇಳಿಲ್ಲ.

ನಾನು: ಅಣ್ಣ, ಹೈದರಾಬಾದಿನ ಇಂಕಾಯ್ಸ್ ಅನ್ನುವ ಸರಕಾರಿ ಸಂಸ್ಥೆ ಕಡಲಿನ ಮುನ್ಸೂಚನೆ ಕೊಡುತ್ತದೆ. ಈಗಷ್ಟೇ ನೋಡಿದೆ. ಈ ಭಾನುವಾರಕ್ಕೇ ಎಚ್ಚರಿಕೆ ಇದೆ.

ತಮ್ಮ: ಈಗ ಓದಿದೆ. ಕಲಿಸುವವರಿಗೂ ಫೋನ್ ಮಾಡಿದೆ. ಹೊಸಬರಿಗೆ ಈ ವಾರ ಬೇಡವೇ ಬೇಡ ಅಂದರು. ಮಕ್ಕಳನ್ನು ಶಾಂಭವಿ ಹೊಳೆಯಲ್ಲಿ, ಅಳಿವೆಯಿಂದ ದೂರ, ದೋಣಿಗೆ ಕರೆದುಕೊಂಡು ಹೋಗುತ್ತೇನೆ.

ಚಿಕ್ಕಮ್ಮ: ಸರಿ. ಊಟಕ್ಕೆ ನಮ್ಮಲ್ಲಿಗೇ ಬನ್ನಿ. ಮರುವಾಯಿ ತರಿಸುತ್ತೇನೆ.

ಅಕ್ಕ: ಬುಟ್ಟಿ ಈ ಸಲ ಬಾವ ಹೊರಲಿ.